ವಿಆರ್ ಆಟ ನಿಂತು ನಿಂತು ಬರುತ್ತಿದೆಯಾ? ನಿಮ್ಮ ರೂಟರ್ ಯಾವ ದೇಶದ ಲೆಕ್ಕದಲ್ಲಿದೆ ಅಂತ ನೋಡಿ

ಬೇಸಿಗೆ ರಜೆಗೆ ಅಕ್ಕನ ಮಗ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದ. ಭಾವ ಅಮೆರಿಕದಿಂದ ತಂದುಕೊಟ್ಟ ಕ್ವೆಸ್ಟ್ 3 ಎಂಬ ವಿಆರ್ ಹೆಡ್‌ಸೆಟ್ ಅವನ ಕೈಯಲ್ಲಿತ್ತು. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಆಟದೊಳಗೇ ನಿಂತಂತೆ ಕಾಣುತ್ತದೆ. ಜೊತೆಗೆ ಅಲ್ಲಿಂದಲೇ ಬಂದ ಒಂದು ವೈಫೈ 6ಇ (6 ಗಿಗಾಹರ್ಟ್ಸ್‌ನಲ್ಲೂ ಕೆಲಸ ಮಾಡುವ) ರೂಟರ್ ಕೂಡ ಇತ್ತು. ಆಟ ಓಡುವುದು ನನ್ನ ಕಂಪ್ಯೂಟರಿನಲ್ಲಿ. ಚಿತ್ರ ಮಾತ್ರ ವೈಫೈ ಮೂಲಕ ಹೆಡ್‌ಸೆಟ್‌ಗೆ ಹೋಗಬೇಕು. ಅರ್ಧ ಗಂಟೆ ಎಲ್ಲ ಚೆನ್ನಾಗಿರುತ್ತಿತ್ತು. ಆಮೇಲೆ ಹಾಲ್‌ನಿಂದ ಕೂಗು ಬರುತ್ತಿತ್ತು: "ಮಾಮ, ಎಲ್ಲಾ ನಿಂತೋಯ್ತು!"

ಟಿವಿಯಲ್ಲಿ ಚಿತ್ರ ನಿಂತರೆ ಬೇಜಾರಾಗುತ್ತದೆ, ಅಷ್ಟೇ. ವಿಆರ್‌ನಲ್ಲಿ ಹಾಗಲ್ಲ. ತಲೆ ತಿರುಗಿಸಿದರೂ ಕಣ್ಣ ಮುಂದಿನ ಚಿತ್ರ ತಿರುಗದಿದ್ದರೆ ಹೊಟ್ಟೆ ತೊಳೆಸುತ್ತದೆ, ಕಾಲು ತಡವರಿಸುತ್ತದೆ. ಒಂದು ಸಲ ಹುಡುಗ ಟೀಪಾಯಿಗೆ ಡಿಕ್ಕಿ ಹೊಡೆದ. ಅವತ್ತಿನಿಂದ ನಾನು ಇದನ್ನು ಗಂಭೀರವಾಗಿ ತೆಗೆದುಕೊಂಡೆ.

ಮೂರು ವಾರ ಹುಡುಕಿದೆ. ಒಂದು ದೋಷ ಅಂದುಕೊಂಡಿದ್ದು ಕೊನೆಗೆ ಮೂರಾಗಿತ್ತು. ಅದರಲ್ಲಿ ಎರಡಕ್ಕೆ ಮೂಲ ಒಂದೇ: ಯಾವ ದೇಶದಲ್ಲಿ ಯಾವ ತರಂಗಾಂತರ ಬಳಸಬಹುದು ಎಂಬ ನಿಯಮ. ನಾನು ನೋಡಿದ ಕ್ರಮದಲ್ಲಿ ಬರೆಯದೆ, ನೀವು ನೋಡಬೇಕಾದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಇಂಟರ್ನೆಟ್ ಪ್ಲಾನ್ ಬದಲಿಸಬೇಡಿ

ಜಾಸ್ತಿ ಜನ ಮೊದಲು ಮಾಡುವ ಕೆಲಸ ಇದು. 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300 ಹಾಕಿಸುತ್ತಾರೆ. ಆದರೆ ಚಿತ್ರ ಹೋಗುವುದು ನಿಮ್ಮ ಕಂಪ್ಯೂಟರಿನಿಂದ ರೂಟರ್‌ಗೆ, ಅಲ್ಲಿಂದ ಹೆಡ್‌ಸೆಟ್‌ಗೆ. ಅದು ಮನೆಯ ಹೊಸಿಲು ದಾಟುವುದೇ ಇಲ್ಲ. ಹಾಗಾಗಿ ಸ್ಪೀಡ್ ಟೆಸ್ಟ್ ಎಷ್ಟೇ ತೋರಿಸಲಿ, ಇಲ್ಲಿ ಅದು ಲೆಕ್ಕಕ್ಕಿಲ್ಲ.

ತೊಂದರೆ ನೆಟ್‌ವರ್ಕ್‌ನಲ್ಲಿದೆಯಾ, ಕಂಪ್ಯೂಟರಿನಲ್ಲಿದೆಯಾ ಎಂದು ಮೊದಲು ಬೇರೆ ಮಾಡಿಕೊಳ್ಳಿ. ಚಿತ್ರ ಕಳಿಸಲು ವರ್ಚುವಲ್ ಡೆಸ್ಕ್‌ಟಾಪ್ ಆ್ಯಪ್ ಬಳಸುತ್ತಿದ್ದರೆ ಅದರಲ್ಲಿ ಪರ್ಫಾರ್ಮೆನ್ಸ್ ಓವರ್‌ಲೇ ಅಂತ ಇದೆ. ಆಟಕ್ಕೆ ಎಷ್ಟು ಮಿಲಿಸೆಕೆಂಡ್, ಎನ್‌ಕೋಡಿಂಗ್‌ಗೆ (ಚಿತ್ರ ಕುಗ್ಗಿಸಲು) ಎಷ್ಟು, ನೆಟ್‌ವರ್ಕ್‌ಗೆ ಎಷ್ಟು, ಡಿಕೋಡಿಂಗ್‌ಗೆ (ಹೆಡ್‌ಸೆಟ್‌ನಲ್ಲಿ ಅದನ್ನು ಬಿಡಿಸಲು) ಎಷ್ಟು ಎಂದು ಅದು ಬೇರೆಬೇರೆಯಾಗಿ ತೋರಿಸುತ್ತದೆ. 90 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಚಿತ್ರ ಬರುವಾಗ, ಒಂದೊಂದು ಫ್ರೇಮ್‌ಗೆ ಸಿಗುವ ಸಮಯ 11.1 ಮಿಲಿಸೆಕೆಂಡ್. 72 ಹರ್ಟ್ಸ್ ಆದರೆ 13.9. ಆಟದ ಅಂಕಿಯೇ ಇದನ್ನು ಮೀರುತ್ತಿದ್ದರೆ ವೈಫೈ ಮುಟ್ಟಬೇಡಿ, ಗ್ರಾಫಿಕ್ಸ್ ಇಳಿಸಿ. ನೆಟ್‌ವರ್ಕ್ ಅಂಕಿ 5, 6 ಇದ್ದದ್ದು ತಟ್ಟನೆ 40, 80 ಆಗುತ್ತಿದ್ದರೆ ಮುಂದೆ ಓದಿ.

ಗೋಡೆಯೊಳಗಿನ ಕೇಬಲ್

ಕಂಪ್ಯೂಟರ್ ರೂಟರ್‌ಗೆ ಕೇಬಲ್‌ನಲ್ಲೇ ಕನೆಕ್ಟ್ ಆಗಿರಬೇಕು. ಎರಡೂ ಕಡೆ ವೈಫೈ ಇದ್ದರೆ ಒಂದೇ ಚಿತ್ರ ಅದೇ ಚಾನೆಲ್‌ನಲ್ಲಿ, ಅಂದರೆ ತರಂಗಾಂತರದ ಅದೇ ಓಣಿಯಲ್ಲಿ, ಎರಡು ಸಲ ಹಾರಬೇಕಾಗುತ್ತದೆ. ಅದು ಆಗದ ಮಾತು.

ನನ್ನ ಮೊದಲ ದೋಷ ಇಲ್ಲೇ ಇತ್ತು. ಮನೆ ಕಟ್ಟುವಾಗ ಗೋಡೆಯಲ್ಲಿ ನೆಟ್‌ವರ್ಕ್ ಕೇಬಲ್ ಎಳೆಸಿದ್ದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಎತರ್ನೆಟ್ ತೆರೆದು ನೋಡಿದರೆ ಲಿಂಕ್ ಸ್ಪೀಡ್ 100 ಅಂತಿತ್ತು, 1000 ಇರಬೇಕಾಗಿತ್ತು. ಗೋಡೆಯ ಸಾಕೆಟ್ ಬಿಚ್ಚಿದೆ. ಎಂಟು ತಂತಿಗಳಲ್ಲಿ ನಾಲ್ಕನ್ನು ಮಾತ್ರ ಕೂಡಿಸಿದ್ದರು. ಉಳಿದ ನಾಲ್ಕನ್ನು ಸುಮ್ನೆ ಮಡಚಿ ಬಿಟ್ಟಿದ್ದರು. ನಾಲ್ಕು ತಂತಿಯಲ್ಲಿ 100 ಎಂಬಿಪಿಎಸ್ ಮಾತ್ರ ಹೋಗುತ್ತದೆ, ಗಿಗಾಬಿಟ್‌ಗೆ ಎಂಟೂ ಬೇಕು. ವಿಆರ್ ಚಿತ್ರಕ್ಕೆ ನಾನು ಇಟ್ಟಿದ್ದು 150 ಎಂಬಿಪಿಎಸ್. ಹಿಡಿಸುವುದಾದರೂ ಎಲ್ಲಿ? ನೂರು ರೂಪಾಯಿಯೂ ಖರ್ಚಾಗದ ರಿಪೇರಿ. ಇದನ್ನು ನೋಡದೆ ಹೊಸ ರೂಟರ್ ಕೊಳ್ಳಬೇಡಿ.

ಹೆಡ್‌ಸೆಟ್ ಯಾವ ಬ್ಯಾಂಡ್‌ನಲ್ಲಿದೆ?

ಹೆಡ್‌ಸೆಟ್‌ನ ವೈಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ನೆಟ್‌ವರ್ಕ್ ಹೆಸರು ಒತ್ತಿದರೆ ವಿವರ ಸಿಗುತ್ತದೆ. ಬ್ಯಾಂಡ್ ಅಂದರೆ ತರಂಗಾಂತರದ ದೊಡ್ಡ ಪಟ್ಟಿ, ಚಾನೆಲ್‌ಗಳು ಅದರೊಳಗಿನ ಓಣಿಗಳು. 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಅಲ್ಲಿಗೆ ಮುಗಿಯಿತು, ಅದರಲ್ಲಿ ವಿಆರ್ ನಡೆಯುವುದಿಲ್ಲ. ಎರಡು ಬ್ಯಾಂಡ್‌ಗೂ ಒಂದೇ ಹೆಸರು ಇಟ್ಟಿದ್ದರೆ ಬೇರೆ ಮಾಡಿ. 5 ಗಿಗಾಹರ್ಟ್ಸ್‌ಗೆ ಪ್ರತ್ಯೇಕ ಹೆಸರು ಕೊಡಿ, ಹೆಡ್‌ಸೆಟ್‌ಗೆ ಅದೊಂದನ್ನೇ ಹೇಳಿಕೊಡಿ.

ಲಿಂಕ್ ವೇಗವನ್ನೂ ಬರೆದಿಟ್ಟುಕೊಳ್ಳಿ. ವೈಫೈ 6, ಚಾನೆಲ್ 80 ಮೆಗಾಹರ್ಟ್ಸ್ ಅಗಲ ಇದ್ದರೆ ಸುಮಾರು 1200 ಎಂಬಿಪಿಎಸ್ ತೋರಿಸುತ್ತದೆ. 160 ಮೆಗಾಹರ್ಟ್ಸ್ ಇದ್ದರೆ 2400. ವೈಫೈ 5 ಆದರೆ 866. ಇದು ಗಾಳಿಯ ಮೇಲಿನ ಲೆಕ್ಕ, ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಆದರೂ ಒಂದು ಮಾತು ಖಚಿತವಾಗಿ ಹೇಳುತ್ತೇನೆ. ಒಂದು ಹೆಡ್‌ಸೆಟ್‌ಗೆ 1200 ಧಾರಾಳ. 2400ರ ಹಿಂದೆ ಬಿದ್ದೇ ನಾನು ಎರಡನೇ ದೋಷಕ್ಕೆ ಸಿಕ್ಕಿಕೊಂಡಿದ್ದು.

ಭಾರತದಲ್ಲಿ ನಮಗೆ ಸಿಕ್ಕಿರುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ರೇಡಿಯೋ ತರಂಗಾಂತರ ಸರ್ಕಾರದ ಅಧೀನದಲ್ಲಿರುವ ಆಸ್ತಿ. ಸಾಮಾನ್ಯವಾಗಿ ಯಾವುದೇ ತರಂಗಾಂತರ ಪಟ್ಟಿಯಲ್ಲಿ ಪ್ರಸಾರ ಮಾಡಬೇಕಾದರೆ ಲೈಸೆನ್ಸ್ ಬೇಕು. ವೈಫೈಯಂಥ ಬಳಕೆಗೆ ಕೆಲವು ಪಟ್ಟಿಗಳನ್ನು ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ. ನಮ್ಮಲ್ಲಿ 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್‌ನ ನಿಯಮ ಸಡಿಲವಾಯಿತು. 5150ರಿಂದ 5350, 5470ರಿಂದ 5725, 5725ರಿಂದ 5875 ಮೆಗಾಹರ್ಟ್ಸ್. ಕೂಡಿದರೆ 605 ಮೆಗಾಹರ್ಟ್ಸ್. ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಇದನ್ನು 80 ಮೆಗಾಹರ್ಟ್ಸ್ ತುಂಡುಗಳಾಗಿ ಕತ್ತರಿಸಿ ನೋಡಿ. ಚಾನೆಲ್ ಸಂಖ್ಯೆಯಲ್ಲಿ ಹೇಳಿದರೆ 36ರಿಂದ 48, 52ರಿಂದ 64, 100ರಿಂದ 112, 116ರಿಂದ 128, 132ರಿಂದ 144, 149ರಿಂದ 161. ಆರೇ ತುಂಡು.

ಈ ಆರರಲ್ಲಿ ನಡುವಿನ ನಾಲ್ಕು, ಅಂದರೆ 52ರಿಂದ 144ರವರೆಗಿನ ಚಾನೆಲ್‌ಗಳು ರೇಡಾರ್‌ಗಳು ಕೆಲಸ ಮಾಡುವ ಜಾಗ. ಅಲ್ಲಿ ಯಾವ ತಕರಾರೂ ಇಲ್ಲದೆ ಕೂರುವಂತಿಲ್ಲ. ನೆಮ್ಮದಿಯಾಗಿ ಕೂರಬಹುದಾದದ್ದು ಎರಡೇ ತುಂಡು: 36 ಮತ್ತು 149. ಒಂದು ಅಪಾರ್ಟ್‌ಮೆಂಟ್‌ನಲ್ಲಿ ನಲವತ್ತು ಮನೆ ಇದ್ದರೆ, ಎಲ್ಲರ ರೂಟರ್‌ಗಳೂ ಇವೆರಡರಲ್ಲೇ ಒತ್ತಿಕೊಂಡು ಕೂತಿರುತ್ತವೆ.

ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಜರ್ ಆ್ಯಪ್ ಹಾಕಿಕೊಳ್ಳಿ. ಆಟ ಆಡುವ ಜಾಗದಲ್ಲೇ ನಿಂತು ನೋಡಿ, ರೂಟರ್ ಪಕ್ಕದಲ್ಲಿ ಅಲ್ಲ. ಅದೂ ರಾತ್ರಿ ಎಂಟರಿಂದ ಹತ್ತರೊಳಗೆ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಕಂಡ ಚಾನೆಲ್ ರಾತ್ರಿ ಸಂತೆಯಾಗಿರುತ್ತದೆ. ನಮ್ಮ ಮನೆಯಲ್ಲಿ 36ರಲ್ಲಿ ಹನ್ನೊಂದು ನೆಟ್‌ವರ್ಕ್ ಇದ್ದವು, 149ರಲ್ಲಿ ನಾಲ್ಕು.

ಆದರೆ ನಾನು 149 ಆರಿಸಲಿಲ್ಲ. 160 ಮೆಗಾಹರ್ಟ್ಸ್ ಬೇಕು ಅಂತ ಆಸೆಪಟ್ಟೆ. 36ರಿಂದ 64ರವರೆಗೆ ಹಿಡಿದರೆ 160 ಸಿಗುತ್ತದೆ. ಅದರ ಅರ್ಧ ರೇಡಾರ್ ಜಾಗದಲ್ಲಿ ಬೀಳುತ್ತದೆ. 100ರಿಂದ 128 ಪೂರ್ತಿ ರೇಡಾರ್ ಜಾಗ. ಅಮೆರಿಕದ ರೂಟರ್‌ಗಳಲ್ಲಿ 149ರಿಂದ 177ರವರೆಗೆ ಇನ್ನೊಂದು 160 ಕಾಣಬಹುದು. ಅದು 5895 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ನಮ್ಮ 2018ರ ನಿಯಮ 5875ಕ್ಕೆ ನಿಲ್ಲುತ್ತದೆ. ಅಲ್ಲಿಂದ ತಂದ ರೂಟರ್ "ಇದು ಸರಿ" ಎಂದು ತೋರಿಸುತ್ತದೆ, ಏಕೆಂದರೆ ಅದು ಇನ್ನೂ ಅಮೆರಿಕದಲ್ಲೇ ಇದ್ದೇನೆ ಅಂದುಕೊಂಡಿದೆ.

"ಎಲ್ಲಾ ನಿಂತೋಯ್ತು": ರೇಡಾರ್ ದೋಷ

ಇದರ ಲಕ್ಷಣ ಸ್ಪಷ್ಟ. ಸಣ್ಣ ಸಣ್ಣ ಎಳೆತ ಅಲ್ಲ. ಎಲ್ಲ ಸರಿಯಾಗಿರುವಾಗ ಒಂದೇ ಸಲಕ್ಕೆ ನಿಲ್ಲುತ್ತದೆ. ನೆಟ್‌ವರ್ಕ್ ಹೆಸರೇ ಮಾಯವಾಗುತ್ತದೆ. ಸುಮಾರು ಒಂದು ನಿಮಿಷದ ಮೇಲೆ ಮತ್ತೆ ಬರುತ್ತದೆ, ಬೇರೆ ಚಾನೆಲ್‌ನಲ್ಲಿ.

ಒಳಗೆ ನಡೆಯುವುದು ಹೀಗೆ. ರೇಡಾರ್ ಜಾಗದ ಚಾನೆಲ್‌ಗೆ ಹೋಗುವ ಮೊದಲು ರೂಟರ್ 60 ಸೆಕೆಂಡ್ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು. ಯುರೋಪಿನಲ್ಲಿ ಹವಾಮಾನ ರೇಡಾರ್‌ಗಳು ಇರುವ 5600ರಿಂದ 5650 ಮೆಗಾಹರ್ಟ್ಸ್ ಭಾಗಕ್ಕೆ ಇದೇ ಕಾಯುವಿಕೆ 10 ನಿಮಿಷ. ಕೂತ ಮೇಲೂ ಕಿವಿ ತೆರೆದಿರಬೇಕು. ರೇಡಾರ್‌ನಂತೆ ಏನಾದರೂ ಕೇಳಿದರೆ 10 ಸೆಕೆಂಡ್ ಒಳಗೆ ಎದ್ದು ಹೋಗಬೇಕು. 30 ನಿಮಿಷ ಆ ಕಡೆ ಮತ್ತೆ ಬರುವಂತಿಲ್ಲ. ಸಿನಿಮಾ ನೋಡುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಏಕೆಂದರೆ ಮುಂದಿನ ಸ್ವಲ್ಪ ಹೊತ್ತಿನ ಚಿತ್ರ ಮೊದಲೇ ಬಂದು ಕೂತಿರುತ್ತದೆ. ವಿಆರ್‌ನಲ್ಲಿ ಮುಂದಿನ ಚಿತ್ರ ಇನ್ನೂ ಹುಟ್ಟಿರುವುದಿಲ್ಲ. ನಿಮ್ಮ ತಲೆ ಯಾವ ಕಡೆ ತಿರುಗುತ್ತದೋ ಆಮೇಲೆ ಹುಟ್ಟಬೇಕು.

ಪರೀಕ್ಷೆ: ರೂಟರ್‌ನ ಸಿಸ್ಟಂ ಲಾಗ್ (ನಡೆದದ್ದನ್ನೆಲ್ಲ ಅದು ಬರೆದಿಡುವ ದಾಖಲೆ) ತೆರೆಯಿರಿ. "ರೇಡಾರ್ ಡಿಟೆಕ್ಟೆಡ್" ಎಂಬ ಸಾಲು ಇದೆಯಾ, ಆಟ ನಿಂತ ಹೊತ್ತಿಗೆ ಹೊಂದುತ್ತದೆಯಾ ನೋಡಿ. ನನ್ನದರಲ್ಲಿ ಒಂದೇ ಸಂಜೆ ಮೂರು ಸಲ ಇತ್ತು. ಕೇಳಿಸಿದ್ದು ನಿಜವಾದ ರೇಡಾರೋ, ಪಕ್ಕದ ಇನ್ನಾವುದೋ ಉಪಕರಣದ ಸದ್ದೋ ರೂಟರ್ ಹೇಳುವುದಿಲ್ಲ. ಅನುಮಾನ ಬಂದರೆ ಎದ್ದು ಹೋಗುವುದೇ ಅದರ ಕೆಲಸ, ಅದು ಸರಿಯೂ ಹೌದು. ವಿಮಾನ ನಿಲ್ದಾಣದ ಸುತ್ತ ಇರುವವರಿಗೆ, ಬಂದರಿನ ಹತ್ತಿರ ಇರುವವರಿಗೆ ಈ ತೊಂದರೆ ಬರುವ ಸಾಧ್ಯತೆ ಜಾಸ್ತಿ.

ಪರಿಹಾರ: ಚಾನೆಲ್ "ಆಟೋ" ಇರುವುದನ್ನು ತೆಗೆದು 149 ಅಂತ ನೀವೇ ಹಾಕಿ. ಅಗಲ 80 ಮೆಗಾಹರ್ಟ್ಸ್ ಇಡಿ. 160 ಬಿಟ್ಟುಬಿಡಿ. ನನ್ನ ಲಿಂಕ್ ವೇಗ 2400ರಿಂದ 1200ಕ್ಕೆ ಇಳಿಯಿತು. ಆಟದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ನಿಲ್ಲುವುದು ಮಾತ್ರ ಪೂರ್ತಿ ನಿಂತಿತು.

6 ಗಿಗಾಹರ್ಟ್ಸ್ ಹೆಸರು ಹೆಡ್‌ಸೆಟ್‌ನಲ್ಲಿ ಕಾಣುತ್ತಿಲ್ಲ

ಜನ ಜಾಸ್ತಿ ಹಣ ಕಳೆದುಕೊಳ್ಳುವುದು ಇಲ್ಲಿ. ವಿಆರ್‌ಗೆ 6 ಗಿಗಾಹರ್ಟ್ಸ್ ಅತ್ಯುತ್ತಮ ಎಂದು ಅಮೆರಿಕದವರು ಹೇಳುತ್ತಾರೆ. ಅವರ ಮಟ್ಟಿಗೆ ಅದು ನಿಜ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 5925ರಿಂದ 7125ರವರೆಗೆ 1200 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿತು. ಏಳು 160 ಮೆಗಾಹರ್ಟ್ಸ್ ಚಾನೆಲ್‌ಗಳು, ಒಂದರಲ್ಲೂ ರೇಡಾರ್ ಕಾಟ ಇಲ್ಲ. ಯುರೋಪ್ 2021ರಲ್ಲಿ ಕೆಳಗಿನ 480 ಮೆಗಾಹರ್ಟ್ಸ್ ಮಾತ್ರ ಕೊಟ್ಟಿತು. ಭಾರತದಲ್ಲಿ ದೂರಸಂಪರ್ಕ ಇಲಾಖೆ 2025ರ ಮೇನಲ್ಲಿ ಕರಡು ನಿಯಮ ಹೊರಡಿಸಿತು. ಅದರಲ್ಲಿದ್ದದ್ದು 5925ರಿಂದ 6425, ಅಂದರೆ 500 ಮೆಗಾಹರ್ಟ್ಸ್. ಮನೆಯೊಳಗೆ ಕಡಿಮೆ ಶಕ್ತಿಯಲ್ಲಿ, ಹೊರಗೆ ಇನ್ನೂ ಕಡಿಮೆ ಶಕ್ತಿಯಲ್ಲಿ. ಅದಕ್ಕಿಂತ ಮೇಲಿನ ಭಾಗ ವೈಫೈ ಪಟ್ಟಿಯಲ್ಲಿ ಇರಲಿಲ್ಲ.

ಕಾಗದದ ಮೇಲೆ ಬ್ಯಾಂಡ್ ತೆರೆಯುವುದು ಬೇರೆ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ತೆರೆಯುವುದು ಬೇರೆ. ರೂಟರ್‌ಗೆ ಆ ನಿಯಮ ಗೊತ್ತಿರುವ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಬರಬೇಕು. ಹೆಡ್‌ಸೆಟ್‌ಗೂ ಬರಬೇಕು. ಎರಡರಲ್ಲಿ ಒಂದು ಹಿಂದೆ ಉಳಿದರೂ ಹೆಸರು ಕಾಣುವುದಿಲ್ಲ. ಆದ್ದರಿಂದ ಎರಡನ್ನೂ ಮೊದಲು ಅಪ್‌ಡೇಟ್ ಮಾಡಿ. ಇಲ್ಲಿ ಮಾರುವ ರೂಟರ್‌ನ ಇಂಡಿಯಾ ಮಾದರಿಯಲ್ಲಿ 6 ಗಿಗಾಹರ್ಟ್ಸ್ ಆಯ್ಕೆಯೇ ಇಲ್ಲದಿದ್ದರೆ ದೋಷ ನಿಮ್ಮದಲ್ಲ, ಹುಡುಕುವುದನ್ನು ನಿಲ್ಲಿಸಿ.

ಆಯ್ಕೆ ಇದ್ದೂ ಕಾಣದಿದ್ದರೆ ಮೂರು ಕಡೆ ನೋಡಬೇಕು.

ಮೊದಲನೆಯದು ಚಾನೆಲ್ ಸಂಖ್ಯೆ. ನನ್ನ ಮೂರನೇ ದೋಷ ಇದೇ. 6 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು 1ರಿಂದ 233ರವರೆಗೆ ಇವೆ. ಕೆಳಗಿನ 500 ಮೆಗಾಹರ್ಟ್ಸ್‌ನಲ್ಲಿ ಬರುವುದು 1ರಿಂದ 93 ಮಾತ್ರ. ಅಮೆರಿಕದ ರೂಟರ್ "ಆಟೋ"ದಲ್ಲಿ 197ಕ್ಕೆ ಹೋಗಿ ಕೂತಿತ್ತು. ಕೆಳಭಾಗಕ್ಕೆ ಮಾತ್ರ ಅನುಮತಿ ಇರುವ ಸಾಧನಕ್ಕೆ ಆ ಚಾನೆಲ್ ಇದೆ ಎಂಬುದೇ ಗೊತ್ತಿರುವುದಿಲ್ಲ. ಅದು ಅಲ್ಲಿಗೆ ಹೋಗಿ ನೋಡುವುದೂ ಇಲ್ಲ. 5 ಮತ್ತು 6ಕ್ಕೆ ಚಾನೆಲ್ ಸಂಖ್ಯೆಗಳು ಹೊಂದುವುದಿಲ್ಲ ಎಂಬುದನ್ನೂ ನೆನಪಿಡಿ. 6ರಲ್ಲೂ 149 ಅಂತ ಒಂದು ಚಾನೆಲ್ ಇದೆ, ಅದು ಪೂರ್ತಿ ಬೇರೆ ಜಾಗ.

ಎರಡನೆಯದು, 93ರ ಒಳಗಿದ್ದರೂ ಎಲ್ಲ ಚಾನೆಲ್ ಒಂದೇ ಅಲ್ಲ. ಸಮಯ ಉಳಿಸಲು ಸಾಧನಗಳು ನಾಲ್ಕಕ್ಕೆ ಒಂದು ಚಾನೆಲ್ ಮಾತ್ರ ಹುಡುಕುತ್ತವೆ: 5, 21, 37, 53, 69, 85. ರೂಟರ್‌ನ ಮುಖ್ಯ ಚಾನೆಲ್ ಇವುಗಳಲ್ಲಿ ಒಂದಾಗಿರಲಿ. ರೂಟರ್‌ನ 5 ಗಿಗಾಹರ್ಟ್ಸ್ ಕೂಡ ಆನ್ ಇರಲಿ, ಏಕೆಂದರೆ ಅದು "ನನಗೆ 6ರಲ್ಲೂ ಒಂದು ನೆಟ್‌ವರ್ಕ್ ಇದೆ" ಎಂದು ಸಾಧನಗಳಿಗೆ ದಾರಿ ತೋರಿಸುತ್ತದೆ.

ಮೂರನೆಯದು ಪಾಸ್‌ವರ್ಡ್ ಬಗೆ. 6 ಗಿಗಾಹರ್ಟ್ಸ್‌ನಲ್ಲಿ ಡಬ್ಲ್ಯುಪಿಎ2 ಎಂಬ ಹಳೆಯ ಭದ್ರತಾ ವಿಧಾನ ನಡೆಯುವುದಿಲ್ಲ. ಡಬ್ಲ್ಯುಪಿಎ3 ಇರಲೇಬೇಕು. ಹಳೆಯ ಫೋನ್‌ಗಳಿಗಾಗಿ ಎಲ್ಲ ಬ್ಯಾಂಡ್‌ಗೂ ಡಬ್ಲ್ಯುಪಿಎ2 ಇಟ್ಟಿದ್ದರೆ 6ರ ಹೆಸರು ಬೇರೆ ಮಾಡಿ, ಅದಕ್ಕೆ 3 ಕೊಡಿ. ಕಂಪ್ಯೂಟರಿನಲ್ಲಿ 6ನ್ನು ನೋಡಬೇಕಾದರೆ ವಿಂಡೋಸ್ 11 ಬೇಕು. ವಿಂಡೋಸ್ 10ರಲ್ಲಿ ಒಳ್ಳೆಯ ವೈಫೈ ಕಾರ್ಡ್ ಇದ್ದರೂ ಕಾಣುವುದಿಲ್ಲ.

ದೇಶ ಬದಲಿಸುವ ಉಪಾಯ

ರೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ದೇಶ "ಅಮೆರಿಕ" ಎಂದು ಹಾಕಿಬಿಡಿ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಮಾತು ನೇರ: ಹಾಗೆ ಮಾಡಬೇಡಿ. ಅನುಮತಿ ಇಲ್ಲದ ತರಂಗಾಂತರದಲ್ಲಿ ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಆ ಜಾಗ ಖಾಲಿ ಬಿದ್ದಿಲ್ಲ. 5925ರಿಂದ 6425 ಮೆಗಾಹರ್ಟ್ಸ್ ಎಂದರೆ ಭೂಮಿಯಿಂದ ಸಂವಹನ ಉಪಗ್ರಹಗಳಿಗೆ ಸಂಕೇತ ಕಳಿಸುವ ಸಿ ಬ್ಯಾಂಡ್. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮ್ಮ ಹಾಸನದಲ್ಲೇ ಇದೆ. ಇಂಥ ಬಳಕೆದಾರರು ಮೊದಲಿನಿಂದ ಇರುವ ಕಾರಣಕ್ಕೇ ವೈಫೈಗೆ "ಮನೆಯೊಳಗೆ, ಕಡಿಮೆ ಶಕ್ತಿಯಲ್ಲಿ" ಎಂಬ ಷರತ್ತು ಬಂದದ್ದು.

ಉಪಯೋಗದ ದೃಷ್ಟಿಯಿಂದಲೂ ಇದು ಕೆಡುಕೇ. ಸಾಮಾನ್ಯವಾಗಿ ರೂಟರ್ ತನ್ನ ದೇಶದ ಸಂಕೇತವನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತಿರುತ್ತದೆ. ಕೆಲವು ಲ್ಯಾಪ್‌ಟಾಪ್ ಕಾರ್ಡ್‌ಗಳು ಸುತ್ತಮುತ್ತಲ ಸಂಕೇತ ಕೇಳಿ ತಾವು ಯಾವ ದೇಶದಲ್ಲಿದ್ದೇವೆ ಎಂದು ತೀರ್ಮಾನಿಸುತ್ತವೆ. ನೀವೊಬ್ಬರು ಅಮೆರಿಕ, ಸುತ್ತಲಿನ ಹತ್ತು ಮನೆ ಭಾರತ ಎಂದರೆ ಕಾರ್ಡ್ ಗೊಂದಲಕ್ಕೆ ಬೀಳುತ್ತದೆ. ಲ್ಯಾಪ್‌ಟಾಪ್‌ನಿಂದಲೇ ಹಾಟ್‌ಸ್ಪಾಟ್ ಮಾಡಿ ವಿಆರ್ ಆಡಲು ಹೋದವರಿಗೆ 5 ಗಿಗಾಹರ್ಟ್ಸ್ ಆಯ್ಕೆ ಸಿಗದೆ ಹೋಗುವುದಕ್ಕೆ ಈ ದೇಶದ ಲೆಕ್ಕವೂ ಒಂದು ಕಾರಣ.

ನಾನು ಅಮೆರಿಕದ ರೂಟರ್ ತೆಗೆದಿಟ್ಟೆ. ಅದರಲ್ಲಿ ದೇಶ ಬದಲಿಸುವ ಆಯ್ಕೆಯೇ ಇರಲಿಲ್ಲ. ಇಲ್ಲೇ ಕೊಂಡ ಸಾದಾ ವೈಫೈ 6 ರೂಟರ್ ಹಾಕಿದೆ.

ಹೊರದೇಶದಲ್ಲಿರುವ ನಮ್ಮವರಿಗೂ ಎರಡು ಮಾತು. ಜಪಾನಿನಲ್ಲಿ 149ರಿಂದ ಮೇಲಿನ 5 ಗಿಗಾಹರ್ಟ್ಸ್ ಚಾನೆಲ್‌ಗಳು ವೈಫೈಗೆ ಇಲ್ಲ. ಜರ್ಮನಿಯಂಥ ಯುರೋಪಿನ ದೇಶಗಳಲ್ಲಿ ಅಲ್ಲಿ 25 ಮಿಲಿವ್ಯಾಟ್ ಮಾತ್ರ, ಹಾಗಾಗಿ ಹಲವು ರೂಟರ್‌ಗಳು ಆ ಕಡೆ ಹೋಗುವುದೇ ಇಲ್ಲ. ಬೆಂಗಳೂರಿನಿಂದ ಒಯ್ದ ರೂಟರ್‌ನಲ್ಲಿ 149 ಹಾಕಿ, ಅಲ್ಲಿ ಕೊಂಡ ಹೆಡ್‌ಸೆಟ್‌ಗೆ ಅದು ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅಲ್ಲಿ 36 ಹಿಡಿಯಿರಿ.

ಇನ್ನೂ ಸಣ್ಣ ಎಳೆತ ಉಳಿದಿದ್ದರೆ

ರೂಟರ್ ಆಟದ ಕೋಣೆಯಲ್ಲೇ ಇರಲಿ. ನಮ್ಮ ಮನೆಗಳ ಕಾಂಕ್ರೀಟ್ ಕಂಬ, ಇಟ್ಟಿಗೆ ಗೋಡೆ 5 ಗಿಗಾಹರ್ಟ್ಸ್‌ನ್ನು ಚೆನ್ನಾಗಿ ಕುಡಿಯುತ್ತವೆ. ಟಿವಿ ಹಿಂದೆ, ಕಬ್ಬಿಣದ ಕಪಾಟಿನ ಮೇಲೆ ಬೇಡ. ಇಂಟರ್ನೆಟ್ ಕಂಪನಿಯ ಪೆಟ್ಟಿಗೆ ಹಾಲ್‌ನಲ್ಲೇ ಇರಲಿ, ಅದರಿಂದ ಒಂದು ಕೇಬಲ್ ಎಳೆದು ವಿಆರ್‌ಗೆ ಬೇರೆ ರೂಟರ್ ಇಡಿ. ಎರಡೂ ಒಂದೇ ಚಾನೆಲ್‌ನಲ್ಲಿ ಇರದಂತೆ ನೋಡಿಕೊಳ್ಳಿ. ಆ ರೂಟರ್‌ಗೆ ಮನೆಯವರ ಫೋನ್‌ಗಳು ಹತ್ತಿಕೊಳ್ಳದ ಹಾಗೆ ಪಾಸ್‌ವರ್ಡ್ ಬೇರೆ ಇಡಿ. ಅಮ್ಮ ಧಾರಾವಾಹಿ ನೋಡುವ ಹೊತ್ತಿಗೂ ಆಟಕ್ಕೂ ಆಗ ಜಗಳ ಇರುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅರ್ಧ ಗಂಟೆ ಆಡಿ ನೋಡಿ, ಬರೆದಿಡಿ. ನಾನು ಮೊದಲ ವಾರ ಒಂದೇ ರಾತ್ರಿ ಐದು ಸೆಟ್ಟಿಂಗ್ ಬದಲಿಸಿ, ಯಾವುದು ಕೆಲಸ ಮಾಡಿತು ಎಂದೇ ತಿಳಿಯದೆ ಕೂತಿದ್ದೆ. ಈಗ ರೂಟರ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ಚಾನೆಲ್ 149, ಅಗಲ 80, ದೇಶ ಭಾರತ, ಚಿತ್ರ 150 ಎಂಬಿಪಿಎಸ್. ಫರ್ಮ್‌ವೇರ್ ಅಪ್‌ಡೇಟ್ ಆದಾಗಲೆಲ್ಲ ಆ ಚೀಟಿಗೆ ಹೋಲಿಸಿ ನೋಡುತ್ತೇನೆ, ಏಕೆಂದರೆ ಅಪ್‌ಡೇಟ್ ಆದ ಮೇಲೆ ಚಾನೆಲ್ ಒಂದು ಸಲ ತಾನಾಗಿಯೇ "ಆಟೋ"ಗೆ ಮರಳಿತ್ತು.

ನಿಮ್ಮ ಕಟ್ಟಡದಲ್ಲಿ 36, 149 ಎರಡೂ ತುಂಬಿ ತುಳುಕುತ್ತಿದ್ದರೆ, ರೇಡಾರ್ ಜಾಗದಲ್ಲಿ 100ನ್ನು 80 ಮೆಗಾಹರ್ಟ್ಸ್ ಅಗಲದಲ್ಲಿ ಹಾಕಿ ಒಂದು ವಾರ ಲಾಗ್ ನೋಡಿ. ರೇಡಾರ್ ಸಾಲು ಒಂದೂ ಬರದಿದ್ದರೆ ಅಲ್ಲೇ ಇರಿ. ದಿನಾ ಬರುತ್ತಿದ್ದರೆ ವೈಫೈ ಬಿಟ್ಟು, ಕಂಪ್ಯೂಟರಿನಿಂದ ನೇರ ಹೆಡ್‌ಸೆಟ್‌ಗೆ ಹಾಕಲು 5 ಮೀಟರ್ ಯುಎಸ್‌ಬಿ 3 ಕೇಬಲ್ ತನ್ನಿ. ಕೂತು ಆಡುವ ಆಟಗಳಿಗೆ ಅದೇ ಸಾಕು.